ಬಿಗ್ ಬೆಂಡ್‌ಗೆ ಪಿಸ್ತೂಲು ಒಯ್ದ ಅನುಭವ

ಕೊಡಗಿನ ನಮ್ಮ ಮನೆಯಲ್ಲಿ ಕೋವಿ ಗೋಡೆಯ ಮೇಲೇ ಇರುತ್ತಿತ್ತು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಎಲ್ಲರೆದುರು ಪೂಜೆ ಮಾಡುತ್ತಿದ್ದೆವು. ಯಾರ ಕಣ್ಣಿಗೂ ಬೀಳದಂತೆ ಆಯುಧವನ್ನು ಸೊಂಟದಲ್ಲಿಟ್ಟುಕೊಂಡು ಓಡಾಡುವುದನ್ನು ನಾನು ಕಲಿತದ್ದು ಟೆಕ್ಸಾಸ್‌ಗೆ ಬಂದು, ಅಮೆರಿಕದ ಪೌರತ್ವ ಪಡೆದ ನಂತರ. ಎಚ್-1ಬಿ ವೀಸಾದಲ್ಲಿರುವವರು ಈ ಬರಹವನ್ನು ಮಾದರಿಯಾಗಿ ತೆಗೆದುಕೊಳ್ಳಬಾರದು. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವರು ಬಂದೂಕು ಹೊಂದುವುದೇ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ.

ಪಿಸ್ತೂಲು ಒಯ್ಯುವ ಲೈಸೆನ್ಸಿನ ಪರೀಕ್ಷೆ ಕಷ್ಟದ್ದಲ್ಲ. 3, 7 ಮತ್ತು 15 ಗಜಗಳ ದೂರದಿಂದ ಒಟ್ಟು 50 ಗುಂಡು ಹಾರಿಸಿ, 250ಕ್ಕೆ 175 ಅಂಕ ಪಡೆದರೆ ಸಾಕು. 2021ರ ಸೆಪ್ಟೆಂಬರ್‌ನಿಂದ, ಕಾನೂನಿನ ಅಡ್ಡಿಯಿಲ್ಲದ 21 ವರ್ಷ ತುಂಬಿದವರಿಗೆ ಟೆಕ್ಸಾಸ್‌ನಲ್ಲಿ ಅದರ ಅಗತ್ಯವೂ ಇಲ್ಲ. ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲೂ ಆ ಲೈಸೆನ್ಸು ನಡೆಯುತ್ತದೆಂಬ ಕಾರಣಕ್ಕೆ ನಾನು ಉಳಿಸಿಕೊಂಡಿದ್ದೇನೆ.

ರಾಷ್ಟ್ರೀಯ ಉದ್ಯಾನಗಳಲ್ಲಿ ಮೊದಲು ಬಂದೂಕನ್ನು ಗುಂಡು ತೆಗೆದು ಕಟ್ಟಿಡಬೇಕಿತ್ತು. ಕ್ರೆಡಿಟ್ ಕಾರ್ಡ್ ಗ್ರಾಹಕರ ರಕ್ಷಣೆಗೆಂದು 2009ರಲ್ಲಿ ಬಂದ ಕಾಯ್ದೆಯೊಂದಕ್ಕೆ ಅಂಟಿಸಿದ ಕಲಮಿನಿಂದಾಗಿ (ಅಲ್ಲಿನ ಶಾಸಕಾಂಗದ ರೀತಿಯೇ ಹಾಗೆ), 2010ರ ಫೆಬ್ರುವರಿ 22ರಿಂದ ಉದ್ಯಾನವಿರುವ ರಾಜ್ಯದ ಕಾನೂನೇ ಉದ್ಯಾನದೊಳಗೂ ಅನ್ವಯಿಸುತ್ತದೆ. ಆದರೆ ಸಂದರ್ಶಕರ ಕೇಂದ್ರ, ರೇಂಜರ್ ಕಚೇರಿಗಳಂಥ ಕೇಂದ್ರ ಸರ್ಕಾರದ ಕಟ್ಟಡಗಳೊಳಗೆ ಬಂದೂಕನ್ನು ಒಯ್ಯುವಂತಿಲ್ಲ.

ಇದನ್ನು ಓದಿ ತಿಳಿದಿದ್ದೂ, ಟೆಕ್ಸಾಸ್‌ನ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಮೊದಲ ಸಲ ಹೋದಾಗ ಪ್ಯಾಂಥರ್ ಜಂಕ್ಷನ್ನಿನ ಸಂದರ್ಶಕರ ಕೇಂದ್ರದ ಬಾಗಿಲಿನ ಹಿಡಿಗೆ ಕೈಯಿಟ್ಟ ಮೇಲಷ್ಟೇ ಸೂಚನಾ ಫಲಕ ನನ್ನ ಕಣ್ಣಿಗೆ ಬಿತ್ತು. ಹೆಂಡತಿ, ಮಗಳು ಆಗಲೇ ಒಳಗಿದ್ದರು. ಕಾರಿಗೆ ಮರಳಿ, ಇಕ್ಕಟ್ಟಾದ ಸೀಟಿನಲ್ಲಿ ಮೈ ತಿರುಚಿಕೊಂಡು ತುಂಬಿದ ಪಿಸ್ತೂಲನ್ನು ಹೊರಗೆಳೆಯುವಾಗ, ಅದರ ಬಾಯಿ ಒಂದು ಕ್ಷಣ ನನ್ನ ತೊಡೆಯತ್ತಲೇ ತಿರುಗಿತ್ತು. ಬೆವರು ಕಿತ್ತುಕೊಂಡಿತು. ನನ್ನ ಮಟ್ಟಿಗೆ ಅಪಾಯವಿರುವುದು ಕಾಡಿನ ಪೂಮಾ (ಚಿರತೆಯಂಥ ದೊಡ್ಡ ಬೆಕ್ಕು), ಕರಡಿಗಳಲ್ಲಿ ಅಲ್ಲ, ಹೀಗೆ ದಿನಕ್ಕೆ ನಾಲ್ಕು ಸಲ ತೆಗೆದು ಹಾಕುವುದರಲ್ಲಿ. ಈಗ ಹೋಲ್‌ಸ್ಟರ್‌ನಿಂದ (ಸೊಂಟಕ್ಕೆ ಸಿಕ್ಕಿಸುವ ಒರೆಯಿಂದ) ಪಿಸ್ತೂಲನ್ನು ಬಿಡಿಸುವುದೇ ಇಲ್ಲ. ಟ್ರಿಗರ್ ಮುಚ್ಚಿದಂತೆಯೇ ಎರಡನ್ನೂ ಒಟ್ಟಿಗೆ ಕಳಚಿ, ಸೀಟಿನ ಕಾಲಿಗೆ ಉಕ್ಕಿನ ತಂತಿಯಿಂದ ಬಿಗಿದ ಬೀಗದ ಪೆಟ್ಟಿಗೆಯಲ್ಲಿಡುತ್ತೇನೆ. ಕಟ್ಟಡಗಳ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ಕಾಲುದಾರಿಯ ಬುಡದಲ್ಲಿ ಒಮ್ಮೆ ಧರಿಸಿದರೆ ಸಂಜೆ ಒಮ್ಮೆ ಕಳಚಿದರಾಯಿತು.

ಉದ್ಯಾನದ ಲಾಸ್ಟ್ ಮೈನ್ ಎಂಬ ಬೆಟ್ಟದ ಕಾಲುದಾರಿ ಹತ್ತುವಾಗ ಇನ್ನೊಂದು ತೊಡಕು ಗೊತ್ತಾಯಿತು. ಬೆನ್ನುಚೀಲದ ಸೊಂಟಪಟ್ಟಿ ಸರಿಯಾಗಿ ಹೋಲ್‌ಸ್ಟರ್ ಮೇಲೆಯೇ ಕೂತು, ಎರಡು ಮೈಲಿ ನಡೆಯುವಷ್ಟರಲ್ಲಿ ಚರ್ಮ ಕೆಂಪಾಗಿತ್ತು. ಪಟ್ಟಿ ಸರಿಸಿದರೆ ಅಂಗಿ ಮೇಲೆದ್ದು ಬಚ್ಚಿಟ್ಟದ್ದೆಲ್ಲ ಬಯಲಾಗುತ್ತಿತ್ತು. ಕೊನೆಗೆ ಎದೆಯ ಮುಂದೆ ಕಟ್ಟುವ ಸಣ್ಣ ಚೀಲಕ್ಕೆ ಬದಲಾಯಿಸಿದೆ.

ಉದ್ಯಾನದ ಅಂಚಿನಲ್ಲಿ ಹರಿಯುವ ರಿಯೊ ಗ್ರಾಂಡ್ ನದಿಯಾಚೆ ಮೆಕ್ಸಿಕೋದ ಬೊಕಿಯಾಸ್ ಎಂಬ ಹಳ್ಳಿಗೆ ಪಾಸ್‌ಪೋರ್ಟ್ ತೋರಿಸಿ ಹುಟ್ಟುದೋಣಿಯಲ್ಲಿ ಹೋಗಿಬರಬಹುದು. ಆ ದೇಶದೊಳಕ್ಕೆ ಅನುಮತಿಯಿಲ್ಲದೆ ಬಂದೂಕಿರಲಿ, ಒಂದೇ ಒಂದು ತೋಟಾ ಒಯ್ದರೂ ಜೈಲು ಸೇರಬೇಕಾದೀತು. ಹೊರಡುವ ಹಿಂದಿನ ರಾತ್ರಿ ಗುಡಾರದೊಳಗೆ ಚೀಲವನ್ನು ಸುರಿದು, ಜೇಬುಗಳನ್ನು ಒಂದೊಂದಾಗಿ ಮಗುಚುತ್ತಿದ್ದಾಗ, ಹಳೆಯ ಬಿಸ್ಕತ್ತಿನ ಹುಡಿಯ ನಡುವೆ ಒಂಬತ್ತು ಮಿಲಿಮೀಟರಿನ ಒಂದು ತೋಟಾ ಹಾಸಿಗೆಯ ಮೇಲೆ ಉರುಳಿತು. ಎಂದೋ ಶೂಟಿಂಗ್ ರೇಂಜಿಗೆ ಅದೇ ಚೀಲ ಒಯ್ದಿದ್ದೆ.

ಮರುದಿನ ಮಗಳ ಶಾಲೆಯ ಚೀಲದಲ್ಲಿ ನೀರಿನ ಬಾಟಲಿಗಳನ್ನು ಹಾಕಿಕೊಂಡು ನದಿ ದಾಟಿದೆವು. ದೋಣಿಯಲ್ಲಿ ಕೂತ ಮೇಲೂ ನಾನು ಪ್ಯಾಂಟಿನ ಜೇಬುಗಳನ್ನು ಮತ್ತೆ ಮತ್ತೆ ತಡವಿ ನೋಡುತ್ತಿದ್ದೆ.