ಕರಾರು ಮುರಿದಾಗ ಅನುಸರಿಸಬೇಕಾದ ಕ್ರಮ

ನ್ಯಾಯ ತಮ್ಮ ಕಡೆಗಿದ್ದರೂ ಕರಾರಿನ ವಿವಾದದಲ್ಲಿ ಕೈಸುಟ್ಟುಕೊಳ್ಳುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಎದುರು ಪಕ್ಷ ಮಾತಿಗೆ ತಪ್ಪಿತೆಂದು ಕಂಡ ಕೂಡಲೇ ತಾವೂ ಹಣ ತಡೆಹಿಡಿಯುವುದು ಅಥವಾ ಕರಾರು ರದ್ದಾಯಿತೆಂದು ಬರೆದುಬಿಡುವುದು. ರದ್ದುಪಡಿಸುವ ಹಕ್ಕು ಇಲ್ಲದೆ ರದ್ದುಪಡಿಸಿದರೆ ಕರಾರು ಮುರಿದವರು ನೀವೇ ಆಗುತ್ತೀರಿ.

ಆದ್ದರಿಂದ ಮೊದಲು ಸಹಿಯಾದ ಪ್ರತಿ, ಅದರ ಅನುಬಂಧಗಳು ಮತ್ತು ನಂತರ ಇಮೇಲ್‌ನಲ್ಲಿ ಒಪ್ಪಿಕೊಂಡ ಬದಲಾವಣೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ, ಯಾವ ಷರತ್ತನ್ನು ಯಾವ ದಿನಾಂಕದಂದು ಹೇಗೆ ಉಲ್ಲಂಘಿಸಲಾಗಿದೆ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆದುಕೊಳ್ಳಿ. ನೋಟಿಸನ್ನು ಯಾವ ವಿಳಾಸಕ್ಕೆ ಯಾವ ರೀತಿಯಲ್ಲಿ ಕಳುಹಿಸಬೇಕು, ತಪ್ಪು ಸರಿಪಡಿಸಲು ಎಷ್ಟು ದಿನ ಕೊಡಬೇಕು, ಪರಿಹಾರದ ಮೊತ್ತಕ್ಕೆ ಮಿತಿ ಇದೆಯೇ, ವಿವಾದ ಎಲ್ಲಿ ಇತ್ಯರ್ಥವಾಗಬೇಕು ಎಂಬ ಷರತ್ತುಗಳನ್ನು ಗುರುತು ಹಾಕಿಕೊಳ್ಳಿ. ಆರ್ಡರ್, ಬಿಲ್, ಡೆಲಿವರಿ ರಸೀದಿ, ಚಾಟ್ ಸಂದೇಶ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ನಿಮಗೆ ವಿರುದ್ಧವಾದ ಸಂದೇಶಗಳನ್ನು ಅಳಿಸಬೇಡಿ. ಅದರ ಪ್ರತಿ ಎದುರಿನವರ ಬಳಿ ಇದ್ದೇ ಇರುತ್ತದೆ.

ಎಲ್ಲ ಉಲ್ಲಂಘನೆಗೂ ಒಂದೇ ತೂಕವಿಲ್ಲ. ಎರಡು ದಿನ ತಡವಾಗಿ ಬಂದ ಸರಕಿಗೆ ನಷ್ಟ ಪರಿಹಾರ ಕೇಳಬಹುದಾದರೂ, ನಿಗದಿತ ದಿನವೇ ಕರಾರಿನ ಜೀವಾಳವಾಗಿದ್ದ ಹೊರತು ಅಷ್ಟಕ್ಕೇ ಕರಾರನ್ನು ಕೊನೆಗೊಳಿಸಲು ಸಾಧ್ಯವಾಗದು. ಅಂತರರಾಷ್ಟ್ರೀಯ ಸರಕು ಮಾರಾಟದ ಕರಾರುಗಳ ಕುರಿತ ವಿಶ್ವಸಂಸ್ಥೆಯ 1980ರ ಒಡಂಬಡಿಕೆಯೂ ಮೂಲಭೂತ ಉಲ್ಲಂಘನೆಯನ್ನು, ಅಂದರೆ ಕರಾರಿನಿಂದ ನಿರೀಕ್ಷಿಸಿದ್ದ ಮುಖ್ಯ ಪ್ರಯೋಜನವನ್ನೇ ಕಸಿಯುವ ಉಲ್ಲಂಘನೆಯನ್ನು, ಬೇರೆಯಾಗಿಯೇ ಗುರುತಿಸುತ್ತದೆ. ಸರಕು ಬಾರದಿದ್ದಾಗ ಖರೀದಿದಾರನು ಸಮಂಜಸವಾದ ಹೆಚ್ಚುವರಿ ಗಡುವು ಕೊಟ್ಟು, ಅದರೊಳಗೂ ಬಾರದಿದ್ದರೆ ಕರಾರಿನಿಂದ ಹೊರಬರಬಹುದು ಎಂಬ ದಾರಿಯನ್ನೂ ಅದು ತೋರಿಸುತ್ತದೆ. ಆ ಒಡಂಬಡಿಕೆ ಅನ್ವಯವಾಗದ ಕಡೆಯೂ ಇದು ಅನುಸರಿಸಲು ಯೋಗ್ಯವಾದ ಕ್ರಮ, ಏಕೆಂದರೆ ಗಡುವು ಕೊಟ್ಟ ಪತ್ರ ಮುಂದೆ ನಿಮ್ಮ ಸಂಯಮಕ್ಕೆ ಸಾಕ್ಷಿಯಾಗುತ್ತದೆ. ಹಾಗೆಂದು ಸುಮ್ಮನಿರುವುದೂ ಅಪಾಯವೇ. ದೋಷವಿರುವ ಸರಕನ್ನು ಆಕ್ಷೇಪವಿಲ್ಲದೆ ಇಟ್ಟುಕೊಂಡು ಬಳಸಿದರೆ ನೀವು ಅದನ್ನು ಒಪ್ಪಿಕೊಂಡಿದ್ದೀರಿ ಎಂಬ ವಾದಕ್ಕೆ ಎಡೆಯಾಗುತ್ತದೆ. ನೋಟಿಸಿನಲ್ಲಿ ಕೋಪದ ಮಾತು ಬೇಡ. ನಡೆದ ಸಂಗತಿ, ಮುರಿದ ಷರತ್ತು, ನಿಮ್ಮ ಬೇಡಿಕೆ, ಗಡುವು ಇವಿಷ್ಟೇ ಇರಲಿ, ಉಳಿದ ಹಕ್ಕುಗಳನ್ನು ಕಾಯ್ದಿರಿಸಿದ್ದೇವೆ ಎಂಬ ಸಾಲೊಂದು ಕೊನೆಯಲ್ಲಿರಲಿ.

ನಷ್ಟದ ಲೆಕ್ಕವನ್ನು ಆಗಿನಿಂದಲೇ ಬರೆದಿಡಬೇಕು. ಇಂಗ್ಲೆಂಡಿನ ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ನಡುವಿನ 1854ರ ಮೊಕದ್ದಮೆಯಲ್ಲಿ, ಗಿರಣಿಯ ಮುರಿದ ಕ್ರ್ಯಾಂಕ್ ಶಾಫ್ಟನ್ನು ಸಾಗಿಸುವವರು ತಡಮಾಡಿದ್ದರಿಂದ ಗಿರಣಿ ನಿಂತು ಲಾಭ ಕೈತಪ್ಪಿತ್ತು. ಆದರೆ ತಡವಾದರೆ ಗಿರಣಿಯೇ ನಿಲ್ಲುತ್ತದೆ ಎಂಬ ವಿಶೇಷ ಸಂದರ್ಭ ಸಾಗಣೆದಾರರಿಗೆ ತಿಳಿದಿರಲಿಲ್ಲವೆಂದು ನ್ಯಾಯಾಲಯ ಭಾವಿಸಿ, ಆ ಲಾಭವನ್ನು ಪರಿಹಾರವಾಗಿ ಪಡೆಯಲಾಗದು ಎಂದಿತು. ಕರಾರು ಮಾಡಿಕೊಳ್ಳುವಾಗಲೇ ಎರಡೂ ಪಕ್ಷಗಳು ಊಹಿಸಬಹುದಾಗಿದ್ದ ನಷ್ಟವಷ್ಟೇ ಪರಿಹಾರಕ್ಕೆ ಅರ್ಹ ಎಂಬ ಈ ತತ್ತ್ವ ಇಂದಿಗೂ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಇದರ ಜೊತೆಗೆ, ನಷ್ಟವನ್ನು ತಗ್ಗಿಸಲು ನೀವು ಸಮಂಜಸವಾದ ಪ್ರಯತ್ನ ಮಾಡಿರಬೇಕು. ಬೇರೆ ಪೂರೈಕೆದಾರರಿಂದ ದರಪಟ್ಟಿ ತರಿಸಿದ್ದರೆ, ಯಾರೂ ಕೊಡಲಾಗದೆಂದು ಹೇಳಿದ್ದರೂ ಸಹ, ಅದನ್ನು ಕಡತದಲ್ಲಿಡಿ.

ಮಾತುಕತೆಗೆ ಕೂತಾಗ, ರಾಜಿಗಾಗಿ ಆಡಿದ ಮಾತು ಮುಂದೆ ನಿಮ್ಮ ವಿರುದ್ಧ ಬಳಕೆಯಾಗಬಾರದು ಎಂದು ಮೊದಲೇ ಲಿಖಿತವಾಗಿ ಒಪ್ಪಿಸಿಕೊಳ್ಳಿ. ರಾಜಿಯಾದರೆ ಕಂತುಗಳ ದಿನಾಂಕಗಳ ಜೊತೆಗೆ, ಕಂತು ತಪ್ಪಿದರೆ ರಾಜಿಗೆ ಮುಂಚಿನ ಮೂಲ ಬಾಕಿಯನ್ನು ಪೂರ್ತಿಯಾಗಿ ಕೊಡಬೇಕಾಗುತ್ತದೆಯೇ ಎಂಬುದೂ ಪತ್ರದಲ್ಲಿರಬೇಕು. ಈ ಒಂದು ಅಂಶವನ್ನು ಬಿಟ್ಟು ಅದೇ ಜಗಳವನ್ನು ಎರಡನೆಯ ಸಲ ಆಡುವವರಿದ್ದಾರೆ. ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ದಾವೆಯ ಕಾಲಮಿತಿ ತಾನಾಗಿಯೇ ನಿಲ್ಲುತ್ತದೆ ಎಂದು ನಂಬಬೇಡಿ. ಕೊನೆಯ ದಿನ ಯಾವುದೆಂದು ವಕೀಲರಿಂದ ಮೊದಲೇ ಖಚಿತಪಡಿಸಿಕೊಳ್ಳಿ.

ರಾಜಿ ಆಗದಿದ್ದರೆ ಆರ್ಬಿಟ್ರೇಷನ್ (ನ್ಯಾಯಾಲಯದ ಬದಲು ಖಾಸಗಿ ಮಧ್ಯಸ್ಥಗಾರರಿಂದ ತೀರ್ಪು ಪಡೆಯುವುದು) ಅಥವಾ ನ್ಯಾಯಾಲಯ. ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೆ ಸಾಮಾನ್ಯವಾಗಿ ನ್ಯಾಯಾಲಯವು ನಿಮ್ಮನ್ನು ಅಲ್ಲಿಗೇ ಕಳುಹಿಸುತ್ತದೆ. ಎದುರು ಪಕ್ಷದ ಆಸ್ತಿ ಬೇರೆ ದೇಶದಲ್ಲಿದ್ದರೆ ಆರ್ಬಿಟ್ರೇಷನ್ ತೀರ್ಪು ಹೆಚ್ಚು ಉಪಯುಕ್ತವಾಗಬಹುದು, ಏಕೆಂದರೆ 1958ರ ನ್ಯೂಯಾರ್ಕ್ ಒಡಂಬಡಿಕೆಯಡಿ 170ಕ್ಕೂ ಹೆಚ್ಚು ದೇಶಗಳು ಅಂಥ ತೀರ್ಪುಗಳನ್ನು ಜಾರಿ ಮಾಡಲು ಒಪ್ಪಿವೆ. ಎರಡರಲ್ಲಿ ಯಾವುದನ್ನು ಹೂಡುವ ಮುನ್ನವೂ ಎದುರು ಪಕ್ಷದ ಬಳಿ ವಸೂಲಿ ಮಾಡಬಹುದಾದ ಆಸ್ತಿ ಇದೆಯೇ ಎಂದು ವಿಚಾರಿಸಿ, ಆ ಮೊತ್ತವನ್ನು ಖರ್ಚಿನ ಅಂದಾಜಿನ ಪಕ್ಕದಲ್ಲಿಟ್ಟು ನೋಡಿ ತೀರ್ಮಾನಿಸಿ.