ಊಟದ ಬಿಡುವಲ್ಲಿ ಲೈಬ್ರರಿಗೆ ಬರೋ ಮಕ್ಳು

ಸ್ಕೂಲ್ ಲೈಬ್ರರಿಯನ್ ಆಗಿ ನಾನು ಕಂಡಿದ್ದೇನಂದ್ರೆ, ಊಟದ ಬಿಡುವಲ್ಲಿ ಬರೋರಲ್ಲಿ ಸುಮಾರು ಮಕ್ಳಿಗೆ ಬೇಕಾಗಿರೋದು ಪುಸ್ತಕಕ್ಕಿಂತ ಕೂರೋಕೊಂದು ಜಾಗ. ಹೊಸದಾಗಿ ಸೇರಿದವ್ರು, ಫ್ರೆಂಡ್ಸ್ ಜೊತೆ ಮಾತು ಬಿಟ್ಟವ್ರು, ಯಾವ ಟೀಮಿಗೂ ಕರೆಸ್ಕೊಳ್ಳದವ್ರು. ಮೈದಾನದಲ್ಲಿ ಒಬ್ರೇ ನಿಂತ್ರೆ ಎಲ್ರ ಕಣ್ಣಿಗೂ ಬೀಳ್ತಾರೆ, ಇಲ್ಲಿ ಕೈಯಲ್ಲೊಂದು ಪುಸ್ತಕ ಇದ್ರೆ ಯಾರೂ ಏನೂ ಅನ್ಕೊಳ್ಳಲ್ಲ. ಅದಕ್ಕೇ ಬಿಡುವಲ್ಲಿ ಬಂದವ್ರನ್ನ ಏನು ಬೇಕು ಅಂತ ನಾನು ಕೇಳೋದೇ ಇಲ್ಲ.

ಮೊದ್ಲು ಕೈಹಾಕಿದ್ದು ಟೇಬಲ್, ಕುರ್ಚಿಗೆ. ಉದ್ದ ಸಾಲಲ್ಲಿ ಎದುರುಬದುರು ಹಾಕಿದ್ರೆ ಒಬ್ರೇ ಬಂದ ಮಗುಗೆ ಯಾರ ಎದುರು ಕೂರೋದು ಅನ್ನೋದೇ ಸಂಕಟ. ಗೋಡೆಗೆ ಬೆನ್ನು ಮಾಡಿ ಕೂರೋ ಒಂಟಿ ಸೀಟು ಕೆಲವು, ನಡುವೆ ಚಿಕ್ಕ ಟೇಬಲ್‌ಗಳು, ಎತ್ತರದ ಕಪಾಟೆಲ್ಲ ಗೋಡೆಗೆ, ಗಿಡ್ಡದ್ದು ಮಧ್ಯಕ್ಕೆ, ಯಾಕಂದ್ರೆ ರೇಗಿಸೋದು ಕಾಡಿಸೋದು ಶುರುವಾಗೋದು ದೊಡ್ಡವ್ರ ಕಣ್ಣಿಗೆ ಬೀಳದ ಮೂಲೇಲೇ.

ಲೈಬ್ರರೀಲಿ ಪುಸ್ತಕಗಳನ್ನ ವಿಷ್ಯದ ಮೇಲೆ ಜೋಡಿಸೋಕೆ ಬಳಸೋ ಡ್ಯೂಯಿ ನಂಬರ್ ಪ್ರಕಾರ ಕಾಮಿಕ್ಸ್ 741.5, ಚೆಸ್ 794.1, ಎರಡೂ 700ರ ಸಾಲಲ್ಲಿ ಒಳಗೆಲ್ಲೋ ಸೇರ್ಕೊಂಡಿರತ್ತೆ. ನಂಬರ್ ಹಾಗೇ ಬಿಟ್ಟು ಅವನ್ನ ಬಾಗಿಲ ಪಕ್ಕಕ್ಕೆ ತಂದೆ, ಜೊತೆಗೊಂದು ಚೆಸ್ ಬೋರ್ಡ್. ಒಂದೇ ಕಾಮಿಕ್ಸ್ ಮೇಲೆ ಎರಡು ತಲೆ ಬಗ್ಗೋದು ಅಲ್ಲೇ.

ಆದ್ರೆ ಎಲ್ಲಕ್ಕಿಂತ ಜಾಸ್ತಿ ಕೆಲ್ಸ ಮಾಡಿದ್ದು ಜಿಗ್ಸಾ ಪಜಲ್! ದೊಡ್ಡದೊಂದನ್ನ ಟೇಬಲ್ ಮೇಲೆ ಹರವಿ ಮುಗಿಯೋವರ್ಗೂ ಎತ್ತಲ್ಲ. ಕಣ್ಣು ತುಂಡಿನ ಮೇಲಿರತ್ತೆ, ಕೈಗೆ ಕೆಲ್ಸ ಇರತ್ತೆ, ಮುಖ ನೋಡಿ ಮಾತಾಡೋ ಕಷ್ಟ ಇಲ್ಲ, ಐದನೇ ಕ್ಲಾಸೂ ಒಂಬತ್ತನೇ ಕ್ಲಾಸೂ ಪಕ್ಕಪಕ್ಕ ನಿಂತ್ಕೊಂಡು "ಆ ನೀಲಿ ತುಂಡು ಕೊಡೋ" ಅಂತ ಶುರುವಾಗಿ ಆಮೇಲೆ ಮಾತು ಎಲ್ಲೆಲ್ಲಿಗೋ ಹೋಗತ್ತೆ.

1989ರಲ್ಲಿ ರೇ ಓಲ್ಡನ್‌ಬರ್ಗ್ ಅನ್ನೋ ಸಮಾಜಶಾಸ್ತ್ರಜ್ಞ, ಮನೆ ಮತ್ತೆ ಕೆಲ್ಸದ ಜಾಗ ಬಿಟ್ಟು ಜನ ಸುಮ್ನೆ ಸೇರೋ ಮೂರನೇ ಜಾಗದ ಬಗ್ಗೆ ಬರೆದ್ರು, ಅಲ್ಲಿ ಮುಖ್ಯವಾಗಿ ನಡೆಯೋದು ಮಾತುಕತೆ ಅಂದ್ರು. ಮಕ್ಳ ವಿಷ್ಯದಲ್ಲಿ ನಂಗೆ ಅದು ಪೂರ್ತಿ ಒಪ್ಪಿಗೆ ಇಲ್ಲ, ಮಾತಾಡದೇನೂ ಜೊತೇಲಿರೋಕೆ ಆಗ್ಬೇಕು. ಅದಕ್ಕೆ ಬಾಗಿಲ ಕಡೆ ಮಾತು, ಕಿಟಕಿ ಕಡೆ ಮೌನ.

ಹೆಲ್ಪರ್ಸ್ ಆರಿಸುವಾಗ ಕ್ಲಾಸಿನ ಜಾಣರನ್ನೇ ಹುಡುಕಲ್ಲ. ಪರಿಚಯ ಇಲ್ದಿರೋ ಇಬ್ರನ್ನ ಜೋಡಿ ಮಾಡಿ ವಾಪಸ್ ಬಂದ ಪುಸ್ತಕ ಜೋಡಿಸೋಕೆ ಬಿಡ್ತೀನಿ. ಒಬ್ಬ ನಂಬರ್ ಓದ್ಬೇಕು, ಇನ್ನೊಬ್ಬ ಹುಡುಕ್ಬೇಕು, ಮಾತು ತಪ್ಪಲ್ಲ.

ಇನ್ನೊಂದು, ಯಾರು ಏನು ಓದಿದ್ರು ಅನ್ನೋದು ನನ್ನ ಹತ್ರಾನೇ ಇರತ್ತೆ. ಮೈ ಬದಲಾಗೋದ್ರ ಬಗ್ಗೇನೋ, ಅಪ್ಪ ಅಮ್ಮ ಬೇರೆಯಾಗೋದ್ರ ಬಗ್ಗೇನೋ ಪುಸ್ತಕ ತಗೊಂಡ ಮಗುವಿನ ಹೆಸರನ್ನ, ವಾಪಸ್ ಕೊಟ್ಟಿಲ್ಲ ಅಂತ ಕ್ಲಾಸಲ್ಲಿ ಜೋರಾಗಿ ಓದಿಬಿಟ್ರೆ ಆ ಮಗು ಮತ್ತೆ ಈ ಕಡೆ ಬರಲ್ಲ. ಚೀಟಿ ಮಡಚಿ ಕೈಗೆ ಕೊಡ್ತೀನಿ ಅಷ್ಟೇ.

ಎಕ್ಸಾಮ್, ಮೀಟಿಂಗ್ ಅಂತ ಬಿಡುವಲ್ಲಿ ಬೀಗ ಹಾಕೋಕೆ ಹೇಳಿದ್ರೂ ನಾನು ಒಪ್ಪಲ್ಲ. ನನ್ನ ಊಟಾನ ಹಿಂದಿನ ಪೀರಿಯಡ್ಡಿಗೆ ಹಾಕ್ಸಿಕೊಂಡಿದ್ದೀನಿ, ಬೆಲ್ ಹೊಡೆಯೋ ಹೊತ್ತಿಗೆ ಬಾಗಿಲು ತೆಗೆದಿರ್ಬೇಕು.