ಹೊಟ್ಟೆ ತುಂಬ ಉಂಡರೂ ಮಾತ್ರೆ ಯಾಕೆ: ಬಿ12, ಡಿ, ಕಬ್ಬಿಣದ ಲೆಕ್ಕ

ಮಧ್ಯಾಹ್ನ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ರಾತ್ರಿ ಚಪಾತಿ, ಹೆಸರುಕಾಳಿನ ಗೊಜ್ಜು. ಇಷ್ಟೆಲ್ಲ ಉಂಡವರ ರಕ್ತಪರೀಕ್ಷೆಯ ಚೀಟಿಯಲ್ಲೂ ಬಿ12 160, ವಿಟಮಿನ್ ಡಿ 11 ಎಂದು ಬರುವುದುಂಟು, ಎರಡೂ ಕೊರತೆಯ ಅಂಕಿ. ತಪ್ಪು ಅಡುಗೆಮನೆಯದ್ದಲ್ಲ. ಕೆಲವು ಪೋಷಕಾಂಶ ತಟ್ಟೆಯಲ್ಲಿ ಇರುವುದೇ ಇಲ್ಲ. ಕೆಲವು ತಟ್ಟೆಯಲ್ಲಿದ್ದರೂ ರಕ್ತಕ್ಕೆ ಇಳಿಯುವುದಿಲ್ಲ. ಇನ್ನು ಕೆಲವನ್ನು ತಿಂಗಳ ಮುಟ್ಟೋ ಬಸಿರೋ ದಿನಾ ನುಂಗುವ ಬೇರೊಂದು ಮಾತ್ರೆಯೋ ಖಾಲಿ ಮಾಡುತ್ತಿರುತ್ತದೆ. ನಿಮ್ಮದು ಇದರಲ್ಲಿ ಯಾವುದು ಎಂದು ತಿಳಿಯದೆ ಮೆಡಿಕಲ್ ಶಾಪಿನಲ್ಲಿ ‘ಒಂದೊಳ್ಳೆ ಮಲ್ಟಿವಿಟಮಿನ್ ಕೊಡಿ’ ಅನ್ನುವುದು, ಎಲ್ಲಿ ಸೋರುತ್ತಿದೆ ಎಂದು ನೋಡದೆ ಇಡೀ ತಾರಸಿಗೆ ಸಿಮೆಂಟು ಬಳಿದ ಹಾಗೆ.

ಪರೀಕ್ಷೆ ಮೊದಲು

ತೊಂಬತ್ತು ಪರೀಕ್ಷೆಗಳ ಪ್ಯಾಕೇಜ್ ಬೇಕಿಲ್ಲ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಅಳತೆ), ವಿಟಮಿನ್ ಬಿ12, 25-ಹೈಡ್ರಾಕ್ಸಿ ವಿಟಮಿನ್ ಡಿ, ಈ ನಾಲ್ಕು ಸಾಕು. ಹಿಮೋಗ್ಲೋಬಿನ್ ಒಂದನ್ನೇ ನೋಡಿಸುವುದಾದರೆ ವಾರ್ಡಿನ ಸರ್ಕಾರಿ ನಮ್ಮ ಕ್ಲಿನಿಕ್‌ನಲ್ಲೇ ದುಡ್ಡಿಲ್ಲದೆ ಆಗುತ್ತದೆ. ಪರೀಕ್ಷೆಯನ್ನು ಮಾತ್ರೆ ಶುರು ಮಾಡುವ ಮೊದಲೇ ಮಾಡಿಸಿ. ನಾಲ್ಕು ಮಾತ್ರೆ ನುಂಗಿ ಲ್ಯಾಬಿಗೆ ಹೋದರೂ ಬಿ12 ಅಂಕಿ ಏರಿ ಕೂತಿರುತ್ತದೆ. ಮೊದಲು ಕೊರತೆ ಎಷ್ಟಿತ್ತು ಎಂದು ಆಮೇಲೆ ಹೇಳಲಾಗದು. ಜ್ವರ, ಸೋಂಕು ಇದ್ದಾಗ ಫೆರಿಟಿನ್ ತಾನಾಗಿ ಏರುವುದರಿಂದ ಕಬ್ಬಿಣ ಖಾಲಿಯಾಗಿದ್ದರೂ ವರದಿ ಚೆನ್ನಾಗಿಯೇ ಕಾಣುತ್ತದೆ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುವವರು ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2–3 ದಿನ ಮುಂಚೆ ಅದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಇಲ್ಲದ ಥೈರಾಯ್ಡ್ ಕಾಯಿಲೆ ಚೀಟಿಯಲ್ಲಿ ಹುಟ್ಟಿಕೊಳ್ಳಬಹುದು.

ಸಿಬಿಸಿಯಲ್ಲಿ ಎಲ್ಲರ ಕಣ್ಣೂ ಹಿಮೋಗ್ಲೋಬಿನ್ ಮೇಲೆ: ಹೆಂಗಸರಿಗೆ 12, ಗಂಡಸರಿಗೆ 13, ಬಸುರಿಯರಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಅದರ ಕೆಳಗಿನ ಎಂಸಿವಿ ಎಂಬ ಸಾಲನ್ನೂ ಓದಿ. ಅದು ಕೆಂಪು ರಕ್ತಕಣದ ಗಾತ್ರ, ಸಾಮಾನ್ಯವಾಗಿ 80ರಿಂದ 100. ಕಬ್ಬಿಣ ಸಾಲದಿದ್ದರೆ ಕಣ ಕಿರಿದಾಗುತ್ತದೆ, ಬಿ12 ಸಾಲದಿದ್ದರೆ ಹಿರಿದಾಗುತ್ತದೆ. ಎರಡೂ ಸಾಲದವರಲ್ಲಿ ಒಂದು ಕೆಳಗೆಳೆದು ಇನ್ನೊಂದು ಮೇಲೆತ್ತಿ ಅಂಕಿ 88ರಲ್ಲಿ ನಿಂತುಬಿಡುತ್ತದೆ. ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಸಸ್ಯಾಹಾರಿ ಹೆಂಗಸರ ವಿಷಯದಲ್ಲಿ ಸುಲಭವಾಗಿ ಆಗುವ ತಪ್ಪು. ಇದಕ್ಕೆ ತದ್ವಿರುದ್ಧವಾದದ್ದೂ ಒಂದಿದೆ: ಎಂಸಿವಿ 65ಕ್ಕೆ ಇಳಿದಿದೆ, ಕೆಂಪು ಕಣಗಳ ಎಣಿಕೆ ಮಾತ್ರ 50 ಲಕ್ಷ ದಾಟಿದೆ, ಫೆರಿಟಿನ್ ಚೆನ್ನಾಗಿದೆ. ಅದು ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ವಾಹಕರ ಲಕ್ಷಣ ಇರಬಹುದು. ಅಂಥವರಿಗೆ ವರ್ಷಗಟ್ಟಲೆ ಕಬ್ಬಿಣ ತಿನ್ನಿಸಿದರೂ ಹಿಮೋಗ್ಲೋಬಿನ್ ಏರುವುದಿಲ್ಲ.

ಬಿ12: ತಟ್ಟೆಯಲ್ಲೇ ಇಲ್ಲದ್ದು

ಬಿ12 ತಯಾರಿಸುವುದು ಬ್ಯಾಕ್ಟೀರಿಯಾ. ಸೊಪ್ಪು, ಕಾಳು, ರಾಗಿ, ತರಕಾರಿ ಯಾವುದರಲ್ಲೂ ಅದು ಇಲ್ಲ. ಸ್ಪಿರುಲಿನಾದಲ್ಲಿ ಇದೆ ಎಂದು ಮಾರುತ್ತಾರಾದರೂ ಅದರಲ್ಲಿರುವುದು ಬಹುಪಾಲು ನಮ್ಮ ದೇಹ ಬಳಸಲಾಗದ ಹುಸಿ ಬಿ12. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕು. ನೂರು ಮಿ.ಲೀ. ಹಾಲಿನಲ್ಲಿ ಸುಮಾರು 0.4 ಸಿಗುತ್ತದೆ. ‘ನಾವು ಹಾಲು-ಮೊಸರು ತಿಂತೀವಲ್ಲ’ ಅನ್ನುವವರು ಅಳೆದು ನೋಡಬೇಕು: ಎರಡು ಲೋಟ ಫಿಲ್ಟರ್ ಕಾಫಿಯ ಹಾಲು 130 ಮಿ.ಲೀ., ನೀರು ಬೆರೆಸಿದ ಮಜ್ಜಿಗೆಯಲ್ಲಿ ಮೊಸರು ನಾಲ್ಕು ಚಮಚ. ಎಲ್ಲ ಸೇರಿ 1 ಮೈಕ್ರೋಗ್ರಾಂ ಮುಟ್ಟುವುದೂ ಕಷ್ಟ. ಅರ್ಧ ಲೀಟರ್ ಪ್ಯಾಕೆಟ್ಟನ್ನು ಒಬ್ಬರೇ ಮುಗಿಸಿದರೆ ಮಾತ್ರ ಲೆಕ್ಕ ಹೊಂದುತ್ತದೆ, ಆ ಪ್ಯಾಕೆಟ್ಟು ನಾಲ್ಕು ಜನರ ಮನೆಗೆ ಬರುವಂಥದ್ದು.

ಕೊರತೆ ತಡವಾಗಿ ಗೊತ್ತಾಗುವುದಕ್ಕೂ ಕಾರಣ ಇದೆ. ಯಕೃತ್ತಿನಲ್ಲಿ ಹಲವು ವರ್ಷಕ್ಕಾಗುವಷ್ಟು ಬಿ12 ದಾಸ್ತಾನು ಇರುತ್ತದೆ. ಅದು ಮುಗಿಯುವ ಹೊತ್ತಿಗೆ ಅಂಗಾಲು ಉರಿ, ಪಾದ ಜೋಮು, ನಾಲಿಗೆ ಹುಣ್ಣು, ಮರೆವು ಶುರುವಾಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುವವರಲ್ಲಿ ಮಾಂಸ ತಿಂದರೂ ಬಿ12 ಇಳಿಯಬಹುದು. ಕಾಲು ಉರಿಯನ್ನು ಇವರು ಸಕ್ಕರೆ ಕಾಯಿಲೆಯ ತಲೆಗೇ ಕಟ್ಟಿ ಸುಮ್ಮನಾಗುತ್ತಾರೆ.

200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ, 200ರಿಂದ 300 ಗಡಿ. ಮಾತ್ರೆಯ ಮೇಲೆ 1,500 ಮೈಕ್ರೋಗ್ರಾಂ ಎಂದು ನೋಡಿ ಗಾಬರಿ ಬೇಡ. ಹೊಟ್ಟೆಯ ವಿಶೇಷ ಪ್ರೋಟೀನ್ ಒಂದು ಹೊತ್ತಿಗೆ 2 ಮೈಕ್ರೋಗ್ರಾಂ ಆಸುಪಾಸು ಮಾತ್ರ ಸಾಗಿಸಬಲ್ಲದು. ಉಳಿದದ್ದರಲ್ಲಿ ನೂರಕ್ಕೆ ಒಂದರಷ್ಟು ತಾನಾಗಿ ಒಳಸೇರುತ್ತದೆ. 1,500ರ ಮಾತ್ರೆಯಿಂದ ಸಿಗುವುದು ಹದಿನೈದು ಚಿಲ್ಲರೆ. ಕೊರತೆಗೆ ಸಾಮಾನ್ಯವಾಗಿ ದಿನಕ್ಕೊಂದರಂತೆ ಎರಡು-ಮೂರು ತಿಂಗಳು ಕೊಟ್ಟು ಮರುಪರೀಕ್ಷೆ ಮಾಡುತ್ತಾರೆ. ಆಮೇಲೆ ವಾರಕ್ಕೆ ಒಟ್ಟು 2,000 ಮೈಕ್ರೋಗ್ರಾಂ ಸಾಕು. ಸಯನೊಕೊಬಾಲಮಿನ್ ಆದರೂ ಸರಿ, ಮೀಥೈಲ್‌ಕೊಬಾಲಮಿನ್ ಆದರೂ ಸರಿ, ಎರಡೂ ಕೆಲಸ ಮಾಡುತ್ತವೆ. ಜೋಮು, ನಡಿಗೆಯಲ್ಲಿ ಓಲಾಟ ಇದ್ದರೆ ಮಾತ್ರೆಯ ಪ್ರಯೋಗ ಬೇಡ, ಇಂಜೆಕ್ಷನ್‌ಗೆ ವೈದ್ಯರ ಬಳಿ ಹೋಗಿ. ಬಿ12 ನೋಡದೆ ಫೋಲಿಕ್ ಆ್ಯಸಿಡ್ ಒಂದನ್ನೇ ತಿನ್ನುತ್ತಾ ಹೋದರೆ ರಕ್ತ ಸುಧಾರಿಸಿ ನರದ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ‘ನರದ ಮಾತ್ರೆ’ಗಳಲ್ಲಿ ಬಿ6 ಎಷ್ಟಿದೆ ಎಂದೂ ನೋಡಿಕೊಳ್ಳಿ, ದಿನಕ್ಕೆ 100 ಮಿ.ಗ್ರಾಂ ಮೀರಿ ತಿಂಗಳುಗಟ್ಟಲೆ ತಿಂದರೆ ಯಾವ ಜೋಮಿಗೆ ಔಷಧ ಹಿಡಿದಿರೋ ಅದೇ ಜೋಮನ್ನು ಅದು ತರಬಹುದು.

ವಿಟಮಿನ್ ಡಿ: ಬಿಸಿಲೂರಿನ ಬರ

ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಡಿ ತಯಾರಿಸುವ ಯುವಿ-ಬಿ ಕಿರಣ ಇಲ್ಲಿ ವರ್ಷವಿಡೀ ಸಿಗುತ್ತದೆ, ಆದರೆ ಬೆಳಿಗ್ಗೆ ಆರಕ್ಕೆ ಲಾಲ್‌ಬಾಗ್ ಸುತ್ತುವವರಿಗಲ್ಲ. ಸೂರ್ಯ ಓರೆಯಾಗಿದ್ದಾಗ ಆ ಕಿರಣ ವಾತಾವರಣದಲ್ಲೇ ಸೋಸಿಹೋಗುತ್ತದೆ. ಗುರುತು ಸುಲಭ: ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದರೆ ಮಾತ್ರ ಲೆಕ್ಕಕ್ಕೆ. ಆ ಹೊತ್ತಿಗೆ ವೈಟ್‌ಫೀಲ್ಡ್, ಬೆಳ್ಳಂದೂರಿನ ಉದ್ಯೋಗಿಗಳು ಗಾಜಿನ ಹಿಂದೆ ಕೂತಿರುತ್ತಾರೆ, ಕಿಟಕಿಯ ಗಾಜು ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಕಿಟಕಿ ಪಕ್ಕದ ಸೀಟಿನಿಂದ ಸೆಕೆ ಸಿಗುತ್ತದೆ, ಡಿ ಸಿಗುವುದಿಲ್ಲ. ಕಪ್ಪು ಮೈಬಣ್ಣಕ್ಕೆ ಬಿಸಿಲು ಇನ್ನೂ ಹೆಚ್ಚು ಹೊತ್ತು ಬೇಕು.

ಊಟದಿಂದ ತುಂಬಿಸುವುದೂ ಆಗದ ಮಾತು. ‘ಎಫ್’ ಗುರುತಿನ ಸಾರವರ್ಧಿತ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಗೊತ್ತುಮಾಡಿರುವ ಡಿ ಲೀಟರಿಗೆ 5ರಿಂದ 7.5 ಮೈಕ್ರೋಗ್ರಾಂ, ಅಂದರೆ 200ರಿಂದ 300 ಯೂನಿಟ್. ಒಂದು ಲೋಟಕ್ಕೆ 40–60. ದಿನಕ್ಕೆ ಬೇಕಾದದ್ದು 600.

ವರದಿಯಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ (ಕೆಲವು ಲ್ಯಾಬ್‌ಗಳು ನ್ಯಾನೋಮೋಲ್‌ನಲ್ಲಿ ಕೊಡುತ್ತವೆ, ಅದನ್ನು 2.5ರಿಂದ ಭಾಗಿಸಿ). ಇಲ್ಲಿ ವೈದ್ಯರು ಸಾಮಾನ್ಯವಾಗಿ ಬರೆಯುವುದು 60,000 ಯೂನಿಟ್‌ನ ಸ್ಯಾಶೆ ಅಥವಾ ಕ್ಯಾಪ್ಸೂಲ್, ವಾರಕ್ಕೊಂದು, 8 ವಾರ. ಆಮೇಲೆ ತಿಂಗಳಿಗೊಂದು. ಎಡವಟ್ಟು ಇಲ್ಲೇ. ಚೀಟಿಯ ‘ವಾರಕ್ಕೊಂದು’ ಕಣ್ತಪ್ಪಿ ದಿನಕ್ಕೊಂದಾದರೆ ಹತ್ತೇ ದಿನದಲ್ಲಿ 6 ಲಕ್ಷ ಯೂನಿಟ್ ಒಳಗೆ. ಡಿ ಕೊಬ್ಬಿನಲ್ಲಿ ಉಳಿಯುವಂಥದ್ದು, ಮೂತ್ರದಲ್ಲಿ ಹೋಗಿಬಿಡುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಗೊಂದಲ, ಮೂತ್ರಪಿಂಡಕ್ಕೆ ಪೆಟ್ಟು. ಭಾನುವಾರ ಎಂದು ಸ್ಯಾಶೆಯ ಮೇಲೆ ಪೆನ್ನಿನಲ್ಲಿ ಬರೆದಿಡಿ, ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೀರಿಕೆ ತಗ್ಗುತ್ತದೆ.

ಕಬ್ಬಿಣ: ಇದ್ದೂ ಇಳಿಯದ್ದು

ಸೊಪ್ಪು, ರಾಗಿ, ಕಾಳುಗಳಲ್ಲಿ ಕಬ್ಬಿಣ ಇದೆ. ಅದರಲ್ಲಿ ನಮ್ಮ ಊಟದಿಂದ ರಕ್ತಕ್ಕೆ ಸೇರುವುದು ನೂರಕ್ಕೆ ಎಂಟರ ಆಸುಪಾಸು. ಹಾಗಾಗಿಯೇ ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ ಎಂಬ ದೊಡ್ಡ ಅಂಕಿ. ಮೊಳಕೆ ಬರಿಸುವುದು, ಹುದುಗು ಬರಿಸುವುದು, ಮೇಲೆ ನಿಂಬೆಹಣ್ಣು ಹಿಂಡುವುದು ಇವೆಲ್ಲ ಹೀರಿಕೆ ಹೆಚ್ಚಿಸುತ್ತವೆ. ಊಟ ಮುಗಿದ ಕೂಡಲೇ ಕುಡಿಯುವ ಕಾಫಿ, ಟೀ ಅದನ್ನು ಕೆಡಿಸುತ್ತವೆ, ಟೀ ಇನ್ನೂ ಹೆಚ್ಚು. ದರ್ಶಿನಿಯಲ್ಲಿ ಇಡ್ಲಿ ತಿಂದು ಕೈ ತೊಳೆಯುವ ಮೊದಲೇ ಕಾಫಿ ಹಿಡಿಯುವ ಊರಿದು, ಬಿಡಿ ಅನ್ನುವುದಿಲ್ಲ. ಮಾತ್ರೆ ನುಂಗುವ ಹೊತ್ತಿಗೆ ಒಂದು ಗಂಟೆ ಮೊದಲು, ಎರಡು ಗಂಟೆ ನಂತರ ಕಾಫಿ ಇರದಿದ್ದರೆ ಸಾಕು.

ಸ್ಟ್ರಿಪ್ ತಿರುಗಿಸಿ ಓದಿ. ಲೆಕ್ಕಕ್ಕೆ ಬರುವುದು ಎಲಿಮೆಂಟಲ್ ಐರನ್, ಅಂದರೆ ಮಾತ್ರೆಯಲ್ಲಿರುವ ನಿಜವಾದ ಕಬ್ಬಿಣ, ಎಷ್ಟು ಎಂಬುದು. ಫೆರಸ್ ಫ್ಯೂಮರೇಟ್‌ನಲ್ಲಿ ಮೂರನೇ ಒಂದು ಪಾಲು ಕಬ್ಬಿಣ, ಗ್ಲುಕೋನೇಟ್‌ನಲ್ಲಿ ನೂರಕ್ಕೆ 12 ಮಾತ್ರ. ಹೀಗಾಗಿ ‘300 ಮಿ.ಗ್ರಾಂ’ ಎಂಬ ಎರಡು ಡಬ್ಬಿಗಳ ನಡುವೆ ಸುಮಾರು ಮೂರು ಪಟ್ಟು ಅಂತರ ಇರಬಹುದು. ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ದುಬಾರಿ ಡಬ್ಬಿಗಿಂತ ಅದು ಕೀಳಲ್ಲ.

ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲು ಅರೆ ಮುಚ್ಚುತ್ತದೆ. ಹೊಟ್ಟೆ ತೊಳಸುತ್ತದೆ ಎಂದು ಬಿಟ್ಟುಬಿಡುವವರು ದಿನ ಬಿಟ್ಟು ದಿನ ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ದಕ್ಕುತ್ತದೆ, ತೊಳಸುವುದೂ ತಗ್ಗುತ್ತದೆ. ಬಸುರಿಯರು ಮಾತ್ರ ವೈದ್ಯರು ಹೇಳಿದಂತೆಯೇ ನಡೆಯಲಿ. ಮಲ ಕಪ್ಪಾಗುವುದು ಸಹಜ. ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಆದರೂ ಏರಬೇಕು. ಏರದಿದ್ದರೆ ಬ್ರಾಂಡ್ ಬದಲಿಸುವುದಲ್ಲ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು: ಅತಿ ಮುಟ್ಟು, ಮೂಲವ್ಯಾಧಿ, ಹೊಟ್ಟೆಹುಣ್ಣು. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕಬ್ಬಿಣದ ಕೊರತೆ ಕಂಡರೆ ಈ ಹುಡುಕಾಟ ಮೊದಲ ದಿನವೇ ಆಗಬೇಕು. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಮೂರು ತಿಂಗಳು ಮುಂದುವರಿಸಿ.

ಯಾವುದರ ಜೊತೆ ಯಾವುದು ಬೇಡ

ಥೈರಾಯ್ಡ್ ಮಾತ್ರೆ ಇರುವ ಮನೆಯಲ್ಲಿ ಇದೇ ತಲೆನೋವು. ಬೆಳಿಗ್ಗೆ ಆರಕ್ಕೆ ಥೈರಾಕ್ಸಿನ್, ಬರೀ ನೀರಲ್ಲಿ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಅದನ್ನು ಹಿಡಿದುಕೊಳ್ಳುವುದರಿಂದ ನಾಲ್ಕು ಗಂಟೆ ಅಂತರ ಬೇಕು. ಹನ್ನೊಂದಕ್ಕೆ ನಿಂಬೆ ಶರಬತ್ತಿನ ಜೊತೆ ಕಬ್ಬಿಣ. ರಾತ್ರಿ ಊಟದೊಂದಿಗೆ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿ.ಗ್ರಾಂನಲ್ಲಿ ನಿಜವಾದ ಕ್ಯಾಲ್ಸಿಯಂ 500. ಅದಕ್ಕಿಂತ ಹೆಚ್ಚನ್ನು ಒಂದೇ ಸಲ ತೆಗೆದುಕೊಂಡರೆ ಹೀರಿಕೆ ತಗ್ಗುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ತಿನ್ನುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ, ಅದಕ್ಕೆ ಹೊಟ್ಟೆಯ ಆಮ್ಲದ ಹಂಗಿಲ್ಲ. ದಿನಾ ನೂರು ಗ್ರಾಂ ರಾಗಿಹಿಟ್ಟು ಹೊಟ್ಟೆಗೆ ಹೋಗುವವರಿಗೆ 350 ಮಿ.ಗ್ರಾಂ ಆಸುಪಾಸು ಅಲ್ಲಿಂದಲೇ ಬರುತ್ತದೆ, ಹಾಲು-ಮೊಸರೂ ಇದ್ದರೆ ಮಾತ್ರೆ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಮೂತ್ರಪಿಂಡದಲ್ಲಿ ಕಲ್ಲಾದವರು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಮಾತ್ರೆ ಮುಟ್ಟಬಾರದು.

ಮಗು ಬೇಕೆಂದಿರುವವರು ಫೋಲಿಕ್ ಆ್ಯಸಿಡ್ 400 ಮೈಕ್ರೋಗ್ರಾಂ ಅನ್ನು ಬಸಿರಿಗೆ ಕನಿಷ್ಠ ಒಂದು ತಿಂಗಳು ಮುಂಚೆಯೇ ಶುರು ಮಾಡಬೇಕು. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿತು ಎಂದು ಪರೀಕ್ಷೆ ಮಾಡಿಸುವ ಹೊತ್ತಿಗೆ ಆ ಕೆಲಸ ಮುಗಿಯುತ್ತಾ ಬಂದಿರುತ್ತದೆ.

ಅಡುಗೆಗೆ ಸೈಂಧವ ಲವಣ ಹಾಕಲು ಶುರು ಮಾಡಿದ ಮನೆಗಳಲ್ಲಿ ಅಯೋಡಿನ್ ಸದ್ದಿಲ್ಲದೆ ತಪ್ಪಿಹೋಗುತ್ತದೆ. ಇದಕ್ಕೆ ಮಾತ್ರೆ ಬೇಡ, ಅಯೋಡಿನ್ ಇರುವ ಉಪ್ಪಿನ ಪ್ಯಾಕೆಟ್ ಸಾಕು. ಪ್ರೋಟೀನ್ ಪುಡಿಯೂ ಅಷ್ಟೆ: ದಿನಕ್ಕೆ ಬೇಕಾದದ್ದು ಕಿಲೋ ತೂಕಕ್ಕೆ 0.83 ಗ್ರಾಂ, 60 ಕಿಲೋದವರಿಗೆ 50 ಗ್ರಾಂ. ತಿಳಿಸಾರಿನಿಂದ ಅದು ಬರುವುದಿಲ್ಲ, ಗಟ್ಟಿ ಹುಳಿ, ಕಾಳುಪಲ್ಯ, ಮೊಸರು, ಮೊಟ್ಟೆಯಿಂದ ಬರುತ್ತದೆ.

ಕಬ್ಬಿಣದ ಮಾತ್ರೆಯನ್ನು ಮಾತ್ರ ಮಕ್ಕಳ ಕೈಗೆಟುಕದಂತೆ ಬೀರುವಿನ ಮೇಲಿಡಿ. ಸಕ್ಕರೆ ಲೇಪದ ಕೆಂಪು ಗುಳಿಗೆ ಪೆಪ್ಪರಮೆಂಟಿನಂತೆಯೇ ಕಾಣುತ್ತದೆ. ಹತ್ತು ಕಿಲೋ ತೂಕದ ಮಗುವಿಗೆ 100 ಮಿ.ಗ್ರಾಂನ ಎರಡು ಮಾತ್ರೆ ವಾಂತಿ ತರಿಸಬಹುದು, ಆರು ಪ್ರಾಣಕ್ಕೇ ಎರವಾಗಬಹುದು. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಖಾಲಿ ಸ್ಟ್ರಿಪ್ ಕೈಲಿ ಹಿಡಿದು ನೇರ ಆಸ್ಪತ್ರೆಗೆ ಹೊರಡಿ.